ರೊಟ್ಟಿ ಮುಟ್ಟದ ಅತಿಥಿ

ಆ ಸರಕಾರ ಹುಟ್ಟಿದ ದಿನವೇ ರಾಜಧಾನಿ ತಿರಾನಾದ ಜನ ಅದರ ತಿಥಿಯ ಮಾತು ಶುರುಮಾಡಿದ್ದರು. ಜನರದ್ದೇನೂ ತಪ್ಪಿಲ್ಲ. ನಲವತ್ತೈದು ವರ್ಷ ದೇಶವನ್ನು ಆಳಿದ ಪಕ್ಷದವರೂ ಆ ಪಕ್ಷದಿಂದ ಏಟು ತಿಂದವರೂ ಒಂದೇ ಮೇಜಿನ ಸುತ್ತ ಕೂತು, ಉಗ್ರಾಣದಲ್ಲಿ ಹಿಟ್ಟಿಲ್ಲ, ಮುಂದಿನ ಚುನಾವಣೆಯವರೆಗೆ ಜಗಳ ಬೇಡ ಎಂದು ಕೈಕುಲುಕಿದ್ದರು. ಕುಲುಕಿದ ಕೈಯನ್ನು ಎರಡೂ ಕಡೆಯವರು ಮನೆಗೆ ಹೋಗಿ ಸೋಪು ಹಚ್ಚಿ ತೊಳೆದುಕೊಂಡರಂತೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಬಂಡಿ ಅದು. ತೊಂಬತ್ತೊಂದರ ಬೇಸಿಗೆಯಲ್ಲಿ ಹೊರಟಿತು. ಅದು ಚಳಿಗಾಲ ದಾಟುತ್ತದೆಂದು ಯಾರೂ ನಂಬಿರಲಿಲ್ಲ.

ಲಾಜರ್ ದೋದಾಯ್ ಆ ಸರಕಾರದಲ್ಲಿ ಒಬ್ಬ ಉಪಮಂತ್ರಿ, ಏಟು ತಿಂದವರ ಕಡೆಯಿಂದ. ಯಾವ ಖಾತೆ ಎಂದು ಕೇಳಬೇಡಿ, ಆ ಖಾತೆಯಲ್ಲಿ ಕುರ್ಚಿ ಮೇಜು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಅವನಿಗಿದ್ದ ಅರ್ಹತೆ ಒಂದೇ. ಅವನು ಐದು ವರ್ಷದ ಮಗುವಾಗಿದ್ದಾಗ ಅಪ್ಪ ಪ್ರೆಕ್‌ನನ್ನು ಶ್ಕೋದ್ರಾ ಊರಿನ ಹೊರಗೆ ಎಲ್ಲೋ ಗುಂಡಿಟ್ಟು ಕೊಂದಿದ್ದರು. ಆಮೇಲೆ ತಾಯಿಮಗನನ್ನು ದಕ್ಷಿಣದ ಜವುಗು ನೆಲಕ್ಕೆ ಗಡೀಪಾರು ಮಾಡಿದ್ದರು. ನಲವತ್ತು ವರ್ಷ ಅವನು ಅಲ್ಲೇ ಬೆಳೆದು ಕಾಲುವೆ ತೋಡಿದ್ದ. ಗಡೀಪಾರಿನ ಊರಲ್ಲಿ ಮಕ್ಕಳು ಅಂಬೆಗಾಲಿಡುವ ಮೊದಲೇ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯುತ್ತವೆ. ಅಲ್ಲಿ ಒಬ್ಬ ನಕ್ಕು ಮಾತಾಡಿಸಿದರೆ, ಇವನಿಗೆ ನನ್ನಿಂದ ಏನು ಬೇಕು ಎಂದು ಮೊದಲು ಯೋಚಿಸಬೇಕು. ಆಮೇಲೆ, ಇವನನ್ನು ಕಳಿಸಿದವರು ಯಾರು ಎಂದು.

ಅಂಥವನನ್ನು ತಂದು ಮಂತ್ರಾಲಯದ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರೆ ಏನು ಮಾಡುತ್ತಾನೆ? ಮೊದಲ ದಿನವೇ ಬಾಗಿಲು ಹಾಕಿಕೊಂಡು ಫೋನಿನ ತಿರುಪು ಬಿಚ್ಚಿದ. ಒಳಗೆ ಸತ್ತ ಜಿರಲೆಯೊಂದು ಬಿಟ್ಟು ಮತ್ತೇನೂ ಇರಲಿಲ್ಲ. ಆ ಜಿರಲೆಯನ್ನೂ ಸ್ವಲ್ಪ ಹೊತ್ತು ತಿರುಗಿಸಿ ಮುರುಗಿಸಿ ನೋಡಿದ.

ಅವನ ಕಚೇರಿಯ ಮುಖ್ಯಸ್ಥ ಹಮಿತ್ ದೇರ್ತಿ ಹಳೆಯ ಸರಕಾರದ ಕಾಲದವನು, ಅರವತ್ತು ದಾಟಿದ ಸಣಕಲ ಆಳು. ಎಷ್ಟೋ ಮಂತ್ರಿಗಳು ಬಂದು ಹೋದರೂ ಹಮಿತ್ ಮಾತ್ರ ಅಲ್ಲೇ ಇದ್ದ. ದಿನಾ ಬೆಳಿಗ್ಗೆ ಪುಟ್ಟ ಬಟ್ಟಲಲ್ಲಿ ಕಾಫಿಯನ್ನು ತಾನೇ ಹಿಡಿದು ತರುತ್ತಿದ್ದ.

"ಕಾಮ್ರೇಡ್ ಉಪಮಂತ್ರಿಗಳೇ... ಅಯ್ಯೋ, ತಪ್ಪಾಯ್ತು. ಸಾರ್, ಕಾಫಿ."

"ಅಭ್ಯಾಸ ಬಿಡೋದು ಕಷ್ಟ, ಅಲ್ವಾ ಹಮಿತ್?" ಎಂದು ಲಾಜರ್ ಚುಚ್ಚುತ್ತಿದ್ದ.

"ಕಷ್ಟ ಸಾರ್. ನಾಲಿಗೆಗೆ ಇನ್ನೂ ಸುದ್ದಿ ಮುಟ್ಟಿಲ್ಲ."

ಹಮಿತ್ ಅತ್ತ ಹೋದ ತಕ್ಷಣ ಲಾಜರ್ ಕಾಫಿಯನ್ನು ಕಿಟಕಿಯ ಪಕ್ಕದ ಕುಂಡಕ್ಕೆ ಸುರಿಯುತ್ತಿದ್ದ. ಕುಂಡದ ಗಿಡ ಸಾಯಲಿಲ್ಲ, ಎರಡು ಹೊಸ ಎಲೆ ಬಿಟ್ಟಿತು. ಬೇರೆ ಯಾರಾದರೂ ಆಗಿದ್ದರೆ ಸಮಾಧಾನ ಪಡುತ್ತಿದ್ದರು. ಲಾಜರ್ ಮಾತ್ರ, ನಿಧಾನಕ್ಕೆ ಕೆಲಸ ಮಾಡುವ ವಿಷ ಇರಬೇಕು ಎಂದುಕೊಂಡ.

ಸಂಜೆ ಮನೆಗೆ ಹೋದರೆ ತಾಯಿ ದ್ರಾಂದೆಯ ಪ್ರಶ್ನೆ ಕಾಯುತ್ತಿತ್ತು. ಅವಳು ಉತ್ತರದ ಬೆಟ್ಟದವಳು. ಗಡೀಪಾರಿನಲ್ಲಿ ಹಲ್ಲು ಹೋಗಿತ್ತು, ಒಂದು ಕಣ್ಣು ಮಂಜಾಗಿತ್ತು, ಹಟ ಮಾತ್ರ ಹಾಗೇ ಇತ್ತು.

"ಕೇಳಿದ್ಯೇನೋ?"

"ಕೇಳಿದೀನಿ ಅವ್ವ. ಗೊತ್ತಿಲ್ಲ ಅಂತಾರೆ."

"ಹೂತೋರಿಗೆ ಗೊತ್ತಿಲ್ವಾ? ನಾಯಿ ಕೂಡ ಎಲುಬು ಎಲ್ಲಿ ಹೂತಿದೀನಿ ಅಂತ ನೆನಪಿಟ್ಕೊಳ್ಳತ್ತೆ. ನೋಡು, ನೀನು ಮಂತ್ರಿಯಾಗಿದೀಯ ಅಂತ ನನಗೇನೂ ಹೆಚ್ಚಿಲ್ಲ. ನಿಮ್ಮಪ್ಪನ ಎಲುಬು ತಂದುಕೊಡು. ಅವನನ್ನ ಮಣ್ಣು ಮಾಡಿ, ಪಕ್ಕದಲ್ಲಿ ನನಗೂ ಜಾಗ ಬಿಡು. ಈ ಸರಕಾರ ಬೀಳೋದ್ರೊಳಗೆ ಆಗಬೇಕು. ಆಮೇಲೆ ನಿನ್ನ ಮಾತು ಯಾರು ಕೇಳ್ತಾರೆ?"

ಲಾಜರ್‌ಗೂ ಆ ಕುರ್ಚಿಯಿಂದ ಬೇಕಾಗಿದ್ದದ್ದು ಅದೊಂದೇ. ಆದರೆ ಅದನ್ನು ಯಾರಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ. ಬೇಕಾದ್ದು ಏನೆಂದು ಗೊತ್ತಾದರೆ ಅದನ್ನೇ ಹಗ್ಗ ಮಾಡಿ ಕಟ್ಟುತ್ತಾರೆ ಎಂಬುದು ಅವನ ಲೆಕ್ಕ. ಬೇರೆ ಬೇರೆ ಕಚೇರಿಗಳಲ್ಲಿ, ಬೇರೆ ಯಾರದೋ ವಿಷಯ ಎಂಬಂತೆ ಸುತ್ತಿಬಳಸಿ ಕೇಳುತ್ತಿದ್ದ. ಸುತ್ತಿಬಳಸಿ ಕೇಳಿದವನಿಗೆ ಉತ್ತರವೂ ಹಾಗೇ ಸಿಗುತ್ತಿತ್ತು.

ಅಕ್ಟೋಬರ್ ಕೊನೆಯ ಒಂದು ಬೆಳಿಗ್ಗೆ ಹಮಿತ್ ಕಾಫಿ ಇಟ್ಟವನು ಹೊರಗೆ ಹೋಗಲಿಲ್ಲ.

"ಸಾರ್, ಭಾನುವಾರ ನಿಮ್ಮನೆಗೆ ಬರಲಾ?"

"ಯಾಕೆ? ಇಲ್ಲೇ ಹೇಳಿ."

ಹಮಿತ್ ಗೋಡೆ ನೋಡಿದ, ಫೋನು ನೋಡಿದ. "ಇಲ್ಲಿ ಆಡೋ ಮಾತಲ್ಲ ಸಾರ್. ನಿಮ್ಮ ತಾಯಿಯವರೂ ಇರಬೇಕು."

ಬೇಡ ಎಂದರೆ ಹೆದರಿದ ಎಂದುಕೊಳ್ಳುತ್ತಾನೆ. ಬಾ ಎಂದರೆ ಒಳಗೆ ಬಿಟ್ಟುಕೊಂಡಂತಾಗುತ್ತದೆ. ಬಿಸಿ ತುಪ್ಪ ಬಾಯಿಗೆ ಬಿದ್ದವನಂತೆ ಒದ್ದಾಡಿ ಲಾಜರ್ "ಬನ್ನಿ" ಎಂದ. ಮಧ್ಯಾಹ್ನವೇ ಗೆಳೆಯ ಟೋನಿನ್‌ನನ್ನು ಹುಡುಕಿಕೊಂಡು ಹೋದ. ಇಬ್ಬರೂ ಒಂದೇ ಗಡೀಪಾರಿನ ಊರಲ್ಲಿ ಒಂದೇ ಕಾಲುವೆ ತೋಡಿದವರು. ಟೋನಿನ್ ಈಗ ಪಕ್ಷದ ಕಚೇರಿಯಲ್ಲಿ ದೊಡ್ಡ ಧ್ವನಿಯ ಮನುಷ್ಯ. ಕಾಫಿ ಅಂಗಡಿಯ ಮೂಲೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಇಬ್ಬರೂ ಕೂತರು.

"ತಾಯಿನೂ ಇರಬೇಕಂತಾ?" ಟೋನಿನ್ ಹುಬ್ಬು ಏರಿಸಿದ. "ಮುದುಕಿ ಬಾಯಿಂದ ಏನಾದ್ರೂ ಹೊರಡಿಸೋಕೆ ಕಣೋ. ನಾಳಿದ್ದು ಅವರ ಪತ್ರಿಕೇಲಿ ಬರುತ್ತೆ ನೋಡು. ಉಂಡ ಮನೆ ಜಂತೆ ಎಣಿಸೋ ಜನ ಅವರು."

"ಹಾಗಾದ್ರೆ ಬರಬೇಡ ಅಂತ ಹೇಳಲಾ?"

"ಬೇಡ, ಬರಲಿ. ಪರೀಕ್ಷೆ ಮಾಡು. ಮುಂದೆ ರೊಟ್ಟಿ ಇಡು. ತಿಂದ್ರೆ ಭಯ ಇಲ್ಲ. ಉಪ್ಪು ತಿಂದ ಮನೆಗೆ ಕೇಡು ಬಗೀಬಾರದು ಅನ್ನೋದು ಆ ನನ್ಮಕ್ಕಳಿಗೂ ಗೊತ್ತು. ಕೇಡು ಬಗೆಯೋಕೇ ಬಂದೋನು ಅದಕ್ಕೇ ಬಾಯಿಗೆ ಹಾಕಲ್ಲ. ತಿನ್ನಲಿಲ್ವಾ, ಎದ್ದು ಬಾಗಿಲು ತೋರಿಸು."

ಈ ಮಾತು ಲಾಜರ್‌ನ ಮನಸ್ಸಿಗೆ ಹಿಡಿಸಿತು. ಅನುಮಾನದ ಮನುಷ್ಯನಿಗೆ ಅಳತೆಗೋಲು ಸಿಕ್ಕರೆ ಹಬ್ಬ.

ಭಾನುವಾರ ದ್ರಾಂದೆ ಬೆಳಕು ಹರಿಯುವ ಮೊದಲೇ ಸರದಿಯಲ್ಲಿ ನಿಂತು, ಇಬ್ಬರು ಹೆಂಗಸರ ಜೊತೆ ಜಗಳ ಆಡಿ, ಒಂದು ರೊಟ್ಟಿ ತಂದಳು. ತಿರಾನಾದಲ್ಲಿ ಆಗ ರೊಟ್ಟಿ ಎಂದರೆ ಬಂಗಾರ. ಅದನ್ನು ಕತ್ತರಿಸದೆ ಮೇಜಿನ ನಡುವೆ ಇಟ್ಟು, ಪಕ್ಕದಲ್ಲಿ ಉಪ್ಪು, ಒಂದು ತುಂಡು ಚೀಸು, ಈರುಳ್ಳಿ, ರಾಕಿ ಸಾರಾಯಿಯ ಶೀಸೆ ಇಟ್ಟಳು. ಬರುವವನು ಹಳೆಯ ಪಕ್ಷದವನೋ ಹೊಸ ಪಕ್ಷದವನೋ ಅವಳು ಕೇಳಲಿಲ್ಲ. ಮನೆಯ ಹೊಸಿಲು ತುಳಿದವನು ಅತಿಥಿ, ಅಷ್ಟೇ.

ಹಮಿತ್ ಇಸ್ತ್ರಿ ಮಾಡಿದ ಹಳೆಯ ಕೋಟು ಹಾಕಿಕೊಂಡು ಬಂದ. ದ್ರಾಂದೆಯ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಕುರ್ಚಿಯ ಅಂಚಿನಲ್ಲಿ ಕೂತ. ಮುಖ ಸುಣ್ಣದಂತೆ ಬಿಳಿಚಿತ್ತು.

"ತಗೋ ತಮ್ಮ, ಮುರಿ," ಎಂದು ದ್ರಾಂದೆ ರೊಟ್ಟಿಯನ್ನು ಅವನ ಮುಂದೆ ಸರಿಸಿದಳು.

"ಆಮೇಲೆ ಅಕ್ಕ. ಮೊದಲು ಮಾತು."

ಲಾಜರ್‌ನ ಕಿವಿ ನೆಟ್ಟಗಾಯಿತು. "ಈ ಮನೇಲಿ ರೊಟ್ಟಿ ಮೊದಲು, ಮಾತು ಆಮೇಲೆ," ಎಂದ.

"ಸಾರ್, ಒಂದು ನಿಮಿಷ ನನ್ನ ಮಾತು ಕೇಳಿ..."

"ಒಂದು ಚೂರು ಮುರಿಯೋಕೆ ನಿಮಿಷ ಬೇಕಾ? ನಮ್ಮ ರೊಟ್ಟಿ ನಿಮಗೆ ಸೇರಲ್ವೋ?"

"ಹಾಗಲ್ಲ ಸಾರ್."

"ಹಾಗಾದ್ರೆ ತಿನ್ನಿ!"

ಹಮಿತ್‌ನ ಕೈ ಮೇಜಿನ ಮೇಲೆ ಬಂದು, ರೊಟ್ಟಿಯ ಹತ್ತಿರದವರೆಗೆ ಹೋಗಿ, ಹಿಂದಕ್ಕೆ ಸರಿಯಿತು. ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. "ಆಗಲ್ಲ ಸಾರ್. ಈಗ ನಾನು ತಿನ್ನೋ ಹಾಗಿಲ್ಲ," ಎಂದ.

ಲಾಜರ್ ಎದ್ದು ಬಾಗಿಲು ತೆರೆದ. "ಹಾಗಾದ್ರೆ ಆಡೋ ಹಾಗೂ ಇಲ್ಲ. ನಿಮ್ಮನ್ನ ಕಳಿಸಿದೋರಿಗೆ ಹೇಳಿ, ದೋದಾಯ್ ಮನೇಲಿ ಬೇಳೆ ಬೇಯಲಿಲ್ಲ ಅಂತ."

"ಲಾಜರ್!" ದ್ರಾಂದೆ ಕೂಗಿದಳು. ಅಷ್ಟರಲ್ಲಿ ಹಮಿತ್ ಎದ್ದಿದ್ದ. ಬಾಗಿಲ ಬಳಿ ನಿಂತು ಏನೋ ಹೇಳಲು ಬಾಯಿ ತೆರೆದ. ಲಾಜರ್‌ನ ಮುಖ ನೋಡಿ ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದ.

ದ್ರಾಂದೆ ಉಪ್ಪು, ಈರುಳ್ಳಿ, ಶೀಸೆ ಒಂದೊಂದಾಗಿ ಎತ್ತಿಟ್ಟಳು. ಬೆಟ್ಟದಲ್ಲಿ ಅತಿಥಿಯನ್ನು ಹೊರಗೆ ಹಾಕಿದ ಮನೆಗೆ ಹೆಣ್ಣು ಕೊಡುವುದಿಲ್ಲ. ಕೊನೆಗೆ ಬಾಯಿಬಿಟ್ಟಳು.

"ನೀನು ಬೆಟ್ಟದ ಹೊಟ್ಟೇಲಿ ಹುಟ್ಟಿ ಜವುಗಲ್ಲಿ ಬೆಳೆದೋನು. ಅದಕ್ಕೇ ನಿನಗೆ ತಿಳೀಲಿಲ್ಲ. ಮೋಸ ಮಾಡೋನು ಉಣ್ಣಲ್ಲ ಅಂತ ಯಾರೋ ನಿನಗೆ ಹೇಳಿದ್ದು? ಯೇಸುವನ್ನ ಹಿಡಿದುಕೊಟ್ಟ ಜೂದಾಸ ಉಣ್ಣಲಿಲ್ವಾ? ಯೇಸುವಿನ ತಟ್ಟೇಲೇ ಅದ್ದಿಕೊಂಡು ಉಂಡ! ಮೋಸಗಾರ ಎರಡು ಕೈಯಲ್ಲೂ ಉಣ್ತಾನೆ ಕಣೋ."

"ಹಾಗಾದ್ರೆ ಇವನು ಯಾಕೆ ಉಣ್ಣಲಿಲ್ಲ?"

"ಉಂಡೋನ ಮೈ ಮುಟ್ಟೋ ಹಾಗಿಲ್ಲ. ನಿನ್ನ ಅಪ್ಪನ್ನ ಕೊಂದೋನಾದ್ರೂ ಸರಿ, ನಿನ್ನ ರೊಟ್ಟಿ ಹೊಟ್ಟೇಲಿದ್ರೆ ನೀನು ಕೈ ಎತ್ತೋ ಹಾಗಿಲ್ಲ. ಅವನು ಉಂಡು ಆಮೇಲೆ ಹೇಳಿದ್ದಿದ್ರೆ ನಿನ್ನ ಕೈ ಕಟ್ಟಿಹಾಕಿ ಹೇಳಿದ ಹಾಗೆ ಆಗ್ತಿತ್ತು. ಕ್ಷಮೆ ಕದ್ದ ಹಾಗೆ. ಆ ಮನುಷ್ಯ ಕದಿಯೋಕೆ ಒಪ್ಪಲಿಲ್ಲ. ಅವನ ಕೈಮೇಲೆ ರಕ್ತ ಇದೆ ಲಾಜರ್. ನಮ್ಮ ರಕ್ತ. ನಿಮ್ಮಪ್ಪ ಎಲ್ಲಿದಾನೆ ಅಂತ ಅವನಿಗೆ ಗೊತ್ತು. ಹೋಗಿ ಕರ್ಕೊಂಡ್ ಬಾ."

ಲಾಜರ್ ಬಾಗಿಲವರೆಗೆ ಹೋಗಿ ನಿಂತ. ಆದರೆ ನಲವತ್ತು ವರ್ಷದ ಅಭ್ಯಾಸ ಒಂದು ಮಾತಿಗೆ ಸಾಯುತ್ತದೆಯೇ? ಆ ರಾತ್ರಿ ಮಲಗಿ ಯೋಚಿಸಿದಷ್ಟೂ ಅವನಿಗೆ ಬೇರೆಯದೇ ಕಂಡಿತು. ಅವ್ವ ಹೇಳಿದ್ದು ನಿಜವಾದರೆ ಇನ್ನೂ ಅಪಾಯ. ಕೊಂದವನನ್ನೇ ಮನೆಗೆ ಕಳಿಸುತ್ತಾರೆ, ಅವನು ಒಪ್ಪಿಕೊಳ್ಳುತ್ತಾನೆ, ಲಾಜರ್ ಕೈ ಎತ್ತುತ್ತಾನೆ. ಬೆಳಗಾದರೆ ಊರೆಲ್ಲ ಸುದ್ದಿ: ಪ್ರಜಾಪ್ರಭುತ್ವದವರ ಉಪಮಂತ್ರಿ ಮುದುಕನೊಬ್ಬನ ಮೇಲೆ ಹಳೇ ರಕ್ತದ ಸೇಡು ತೀರಿಸಿಕೊಂಡ. ಸರಕಾರ ಬೀಳಿಸಲು ಇದಕ್ಕಿಂತ ಸುಲಭದ ದಾರಿ ಉಂಟೇ? ಯಾರೋ ಕೂತು ಎಷ್ಟು ಚೆಂದ ಹೆಣೆದಿದ್ದಾರೆ ಎಂದು ಮೆಚ್ಚಿಕೊಂಡೇ ನಿದ್ದೆಹೋದ. ಆ ಬಲೆಯನ್ನು ಹೆಣೆದದ್ದು ತನ್ನ ತಲೆಯೇ ಎಂದು ಅವನಿಗೆ ಹೊಳೆಯಲಿಲ್ಲ.

ವಾರ ಕಳೆಯುವುದರೊಳಗೆ ಹಮಿತ್‌ನನ್ನು ನಿವೃತ್ತಿ ಮಾಡಿಸಿದ. ವಯಸ್ಸಾಗಿತ್ತು, ಯಾರೂ ಯಾಕೆಂದು ಕೇಳಲಿಲ್ಲ. ಆ ಸರಕಾರದಲ್ಲಿ ಲಾಜರ್ ಪೂರ್ತಿ ಮಾಡಿ ಮುಗಿಸಿದ ಕೆಲಸ ಬಹುಶಃ ಅದೊಂದೇ.

ಹಮಿತ್ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟ. "ಶ್ಕೋದ್ರಾದಲ್ಲಿ ತಂಗಿ ಮನೇಲಿರ್ತೀನಿ ಸಾರ್. ಕೋಟೆ ಕೆಳಗಿನ ಬೀದಿ, ಯಾರನ್ನ ಕೇಳಿದ್ರೂ ಹೇಳ್ತಾರೆ. ಮಳೆ ಜೋರಾಗೋ ಮುಂಚೆ ಅಕ್ಕನ್ನ ಕರ್ಕೊಂಡು ಬನ್ನಿ. ದಯವಿಟ್ಟು."

"ಮಳೆ ಜೋರಾದ್ರೆ ಏನಾಗುತ್ತೆ?"

ಹಮಿತ್ ಬಾಗಿಲಲ್ಲಿ ನಿಂತಿದ್ದ ಇಬ್ಬರು ಗುಮಾಸ್ತರನ್ನು ನೋಡಿದ, ತಲೆ ತಗ್ಗಿಸಿ ಹೊರಟುಹೋದ.

ಮಳೆ ಎಂದರೆ ಏನು? ಆ ಸಂಜೆ ಲಾಜರ್, ಟೋನಿನ್ ಇಬ್ಬರೂ ತಲೆಗೆ ತಲೆ ಕೊಟ್ಟು ಯೋಚಿಸಿದರು. ಮಳೆ ಎಂದರೆ ಮುಷ್ಕರ ಎಂದು ಒಬ್ಬ, ಮಳೆ ಎಂದರೆ ಸರಕಾರ ಬೀಳುವ ದಿನ ಎಂದು ಇನ್ನೊಬ್ಬ. ಮಳೆ ಎಂದರೆ ಮಳೆ ಎಂದು ಇಬ್ಬರಿಗೂ ತೋಚಲಿಲ್ಲ.

ನವೆಂಬರಿನಲ್ಲಿ ಬೆಟ್ಟದ ಕಡೆ ಮಳೆ ಹಿಡಿಯಿತು. ದ್ರಾಂದೆ ದಿನವೂ ಕೇಳಿದಳು, ಲಾಜರ್ ದಿನವೂ ವಿಚಾರಿಸುತ್ತಿದ್ದೇನೆ ಎಂದ. ನಿಜಕ್ಕೂ ವಿಚಾರಿಸುತ್ತಲೇ ಇದ್ದ, ಹಮಿತ್‌ನನ್ನು ಯಾರು ಕಳಿಸಿದ್ದು ಎಂದು. ಡಿಸೆಂಬರ್ ಬಂತು. ಅಂಗಡಿಗಳಲ್ಲಿ ರೊಟ್ಟಿ ಮುಗಿಯಿತು. ಉಗ್ರಾಣದಲ್ಲಿ ಇನ್ನು ಕೆಲವೇ ದಿನಕ್ಕಾಗುವಷ್ಟು ಹಿಟ್ಟಿದೆ ಎಂದು ಮೇಲಿನವರೇ ಬಾಯಿಬಿಟ್ಟಾಗ ಜನ ಉಗ್ರಾಣಗಳಿಗೆ ನುಗ್ಗಿದರು. ಲಾಜರ್‌ನ ಪಕ್ಷ ಸರಕಾರದಿಂದ ಹೊರಬಂತು. ಬಂಡಿ ಮಗುಚಿಕೊಂಡಿತು. ಮೆತ್ತನೆಯ ಕುರ್ಚಿಯಿಂದ ಎದ್ದ ಲಾಜರ್ ಕೈಚೀಲ ಹಿಡಿದು ನಡೆದೇ ಮನೆಗೆ ಬಂದ. ಕಾರು ಬೆಳಿಗ್ಗೆಯೇ ಬೇರೆ ಯಾರನ್ನೋ ಕೂರಿಸಿಕೊಂಡು ಹೋಗಿತ್ತು.

ದ್ರಾಂದೆ ಕಪ್ಪು ಶಾಲು ಹೊದ್ದು ಬಾಗಿಲಲ್ಲೇ ಕೂತಿದ್ದಳು.

"ಈಗ ನಿನ್ನ ಹತ್ರ ಕಸ್ಕೊಳ್ಳೋಕೆ ಏನಿದೆ?" ಎಂದಳು. "ಕುರ್ಚಿ ಹೋಯ್ತು. ಇನ್ನು ಯಾರು ನಿನಗೆ ಬಲೆ ಹಾಕ್ತಾರೆ, ಯಾಕೆ ಹಾಕ್ತಾರೆ? ನಡಿ."

ಲಾಜರ್ ಕೈಚೀಲ ಕೆಳಗಿಟ್ಟ. ಮರುದಿನ ಕಿಟಕಿ ಗಾಜಿಲ್ಲದ ಬಸ್ಸಿನಲ್ಲಿ ನಡುಗುತ್ತ ಶ್ಕೋದ್ರಾ ತಲುಪಿದರು. ಕೋಟೆ ಕೆಳಗಿನ ಬೀದಿಯಲ್ಲಿ ಹಮಿತ್‌ನ ತಂಗಿಯ ಮನೆ ಸುಲಭವಾಗಿ ಸಿಕ್ಕಿತು. ಬಾಗಿಲು ತೆರೆದ ಹಮಿತ್ ಒಂದೇ ತಿಂಗಳಲ್ಲಿ ಹತ್ತು ವರ್ಷ ಮುದುಕನಾಗಿದ್ದ. ತಾಯಿಮಗನನ್ನು ಕಂಡು ಗೋಡೆ ಹಿಡಿದುಕೊಂಡ.

ಅವನ ತಂಗಿ ಜೋಳದ ರೊಟ್ಟಿ, ಉಪ್ಪು ತಂದಿಟ್ಟು ಒಳಗೆ ಹೋದಳು. ಲಾಜರ್ ಆ ತಟ್ಟೆಯನ್ನೇ ನೋಡುತ್ತಿದ್ದ. ದ್ರಾಂದೆ ತಡಮಾಡಲಿಲ್ಲ. ರೊಟ್ಟಿ ಮುರಿದು, ಉಪ್ಪಿಗೆ ಒತ್ತಿ, ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ ಅಗಿದು ನುಂಗಿದಳು.

"ನಾನು ಉಂಡೆ," ಎಂದಳು. "ನೀನು ಕದೀಲಿಲ್ಲ, ನಾನೇ ಕೊಟ್ಟೆ. ಈಗ ಹೇಳು ತಮ್ಮ."

ಹಮಿತ್ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಹೇಳಿದ.

"ಆಗ ನನಗೆ ಇಪ್ಪತ್ತು ವರ್ಷ ಅಕ್ಕ. ಸೈನ್ಯಕ್ಕೆ ಸೇರಿಸಿದ್ರು. ಒಂದಿನ ಬೆಳಗ್ಗೆ ನಮ್ಮನ್ನ ಆರು ಜನ ಸಿಪಾಯಿಗಳನ್ನ ಲಾರೀಲಿ ಹತ್ತಿಸಿದ್ರು. ಎಲ್ಲಿಗೆ ಅಂತ ಹೇಳಲಿಲ್ಲ. ಕಿರ್ ನದಿ ದಡಕ್ಕೆ ಕರ್ಕೊಂಡು ಹೋದ್ರು. ಅಲ್ಲಿ ಪ್ರೆಕ್ ದೋದಾಯ್ ಅಂತ ಹೆಸರು ಕೂಗಿ ಅವರನ್ನ ನಿಲ್ಲಿಸಿದ್ರು. ನಾನೂ ಗುಂಡು ಹಾರಿಸಿದೆ. ಆಕಾಶಕ್ಕೆ ಹಾರಿಸಿದೆ ಅಂತ ಸುಳ್ಳು ಹೇಳಲ್ಲ. ಆಮೇಲೆ ಗುಂಡಿ ತೋಡಿದ್ದೂ ನಾನೇ."

"ಚಳಿ ಇತ್ತಾ ಆವತ್ತು?"

"ಇತ್ತು."

"ಮೈಮೇಲೆ ಕೋಟು ಇತ್ತಾ ಅವನಿಗೆ?"

"ತೆಗೆಸಿದ್ರು."

ದ್ರಾಂದೆ ಶಾಲನ್ನು ಎದೆಗೆ ಬಿಗಿಯಾಗಿ ಎಳೆದುಕೊಂಡಳು. ಲಾಜರ್ ಹಲ್ಲುಕಚ್ಚಿ ಕೇಳಿದ: "ಜಾಗ ಎಲ್ಲಿ? ತೋರಿಸ್ತೀರಾ?"

ಹಮಿತ್ ಅವನ ಕಡೆ ತಿರುಗಿದ. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ವರ್ಷಕ್ಕೊಂದು ಸಲ ಹೋಗಿ ನೋಡ್ಕೊಂಡು ಬರ್ತಿದ್ದೆ ಸಾರ್. ಈ ಅಕ್ಟೋಬರಲ್ಲಿ ಹೋದಾಗ ನದಿ ಪಾತ್ರ ಬದಲಾಯಿಸಿತ್ತು, ದಡ ಕೊರೀತಾ ಇತ್ತು. ಆ ಜಾಗಕ್ಕೂ ನೀರಿಗೂ ಎರಡು ಮಾರು ಉಳಿದಿತ್ತು, ಅಷ್ಟೇ. ಮಳೆ ಜೋರಾದ್ರೆ ನಿಲ್ಲಲ್ಲ ಅಂತ ಗೊತ್ತಾಯ್ತು. ಅದಕ್ಕೇ ಆ ಭಾನುವಾರ ಬಂದೆ."

"ಈಗ?"

"ಹೋದ ತಿಂಗಳ ಪ್ರವಾಹಕ್ಕೆ ದಡಕ್ಕೆ ದಡವೇ ಕುಸೀತು. ನಾನು ಗುದ್ದಲಿ ತಗೊಂಡು ಹೋಗೋಷ್ಟರಲ್ಲಿ ಅಲ್ಲಿ ನೀರಿತ್ತು."

ಲಾಜರ್ ಕೋಣೆಯ ನಡುವೆ ನಿಂತು, ಎಂದಿನಂತೆ, ಇದರಲ್ಲಿ ಮೋಸ ಎಲ್ಲಿದೆ ಎಂದು ಹುಡುಕಿದ. ಇವನು ಸುಳ್ಳು ಹೇಳುತ್ತಿದ್ದಾನೆ, ಎಲುಬು ಇನ್ನೂ ಎಲ್ಲೋ ಭದ್ರವಾಗಿದೆ ಎಂದು ನಂಬಲು ಜೀವ ಒದ್ದಾಡಿತು. ಜೀವನದಲ್ಲಿ ಮೊದಲ ಸಲ ಅವನಿಗೆ ಅನುಮಾನ ಪಡಲು ಆಗಲಿಲ್ಲ.

"ಯಾಕ್ರೀ ಬಾಗಿಲಲ್ಲಾದ್ರೂ ಹೇಳಲಿಲ್ಲ?" ಎಂದು ಕಿರುಚಿದ. "ಒಂದು ಮಾತು! ಕಿರ್ ದಡ ಅಂತ ಒಂದೇ ಒಂದು ಮಾತು!"

"ಹೇಳಬೇಕಿತ್ತು," ಎಂದ ಹಮಿತ್. "ನಲವತ್ತೆರಡು ವರ್ಷ ಹೆದರಿದೋನು ಒಂದು ಭಾನುವಾರ ಧೈರ್ಯ ಕೂಡಿಸ್ಕೊಂಡು ಬಂದಿದ್ದೆ ಸಾರ್. ಮೆಟ್ಟಿಲು ಇಳಿಯೋವಾಗ ಅದು ಮುಗಿದುಹೋಗಿತ್ತು."

ಹೊರಗೆ ಹೆಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ದ್ರಾಂದೆ ಮೇಜು ಹಿಡಿದು ಎದ್ದಳು.

"ನಡಿ ತಮ್ಮ, ಆ ನೀರನ್ನಾದ್ರೂ ತೋರಿಸು."

ಹಮಿತ್ ಕೋಟು ಹಾಕಿಕೊಂಡು ಕೊಡೆ ತೆಗೆದುಕೊಂಡ. ದ್ರಾಂದೆ ಅವನ ತೋಳು ಹಿಡಿದಳು. ಗಂಡನ ಎದೆಗೆ ಗುಂಡಿಟ್ಟ ತೋಳು ಅದು. ಅದನ್ನೇ ಭದ್ರವಾಗಿ ಹಿಡಿದಳು. ಲಾಜರ್ ಶೂ ಏರಿಸಲು ಬಗ್ಗಿದ.

"ನೀನು ಬೇಡ," ಎಂದಳು ದ್ರಾಂದೆ.

"ಅವ್ವ, ನಾನು ಅವನ ಮಗ."

"ಹೌದು. ಇವನು ನಿಮ್ಮಪ್ಪನ್ನ ಕೊಂದ. ಆದ್ರೂ ನಲವತ್ತೆರಡು ವರ್ಷ ಆ ಜಾಗ ಕಾಯ್ದ." ಅವಳು ಬೈಯುವ ದನಿಯಲ್ಲಿ ಹೇಳಲಿಲ್ಲ, ದಣಿದವಳಂತೆ ಹೇಳಿದಳು. "ನಿನಗೆ ಕಾಯೋಕೆ ಕೊಟ್ಟಿದ್ದು ಒಂದು ತಿಂಗಳು ಕಣಪ್ಪ. ಇವತ್ತೊಂದು ದಿನ ನಾನು ಇವನ ಜೊತೆ ಹೋಗ್ತೀನಿ."

ಒಂದೇ ಕೊಡೆಯ ಕೆಳಗೆ ಇಬ್ಬರು ಮುದುಕರು ನದಿಯ ಕಡೆಗೆ ಬೀದಿ ಇಳಿದರು. ಕಲ್ಲು ಜಾರುತ್ತಿತ್ತು. ಹಮಿತ್ ಪ್ರತಿ ತಿರುವಿನಲ್ಲೂ ನಿಂತು ಅವಳು ಕಾಲಿಡುವ ಜಾಗ ನೋಡುತ್ತಿದ್ದ. ಲಾಜರ್ ಒಂದು ಕಾಲಿಗೆ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಅವನಿಗೆ ಅಪ್ಪನ ಮುಖ ಎಂದೂ ನೆನಪಿರಲಿಲ್ಲ; ಈಗ ಅವ್ವನ ಬೆನ್ನು ಕೂಡ ಕಣ್ಣೀರಿನಲ್ಲಿ ಸರಿಯಾಗಿ ಕಾಣಲಿಲ್ಲ.